ಡ್ರಮ್ ಬಾರಿಸಿದವರ ತಲೆ

ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮವರು ಬದುಕಿದ್ದಾಗ ಆ ಕೋಪಕ್ಕೆ ಕಾಯಂ ಗಿರಾಕಿ ಅವರೇ ಆಗಿದ್ದರು. ಬೈದರೆ ನಗುತ್ತಿದ್ದರು, ನಕ್ಕದ್ದಕ್ಕೆ ಇನ್ನಷ್ಟು ಬೈಯುತ್ತಿದ್ದೆ. ಅವರು ಹೋದ ಮೇಲೆ ಲಿಫ್ಟಿಗೆ ಬೈಯುತ್ತೇನೆ, ಕುಕ್ಕರಿಗೆ ಬೈಯುತ್ತೇನೆ, ಟಿ.ವಿ.ಗಂತೂ ದಿನಾ ಬೈಯುತ್ತೇನೆ. ಅವು ನಗುವುದಿಲ್ಲ.

ನಾವಿಬ್ಬರೂ ಮ್ಯೂಸಿಕ್ ವಿಡಿಯೊಗಳ ಸೆಟ್ಟಿನಲ್ಲೇ ಜೀವ ಸವೆಸಿದವರು. ಅವರು ದೀಪದವರು. ಬಲ್ಬಣ್ಣ ಎಂದರೆ ಎಲ್ಲರಿಗೂ ಗೊತ್ತು. ನನ್ನದು ಟೇಪು ಹಾಕುವ ಕೆಲಸ, ಹಾಗಾಗಿ ಟೇಪಕ್ಕ. ಅದೆಂಥ ಕೆಲಸ ಎಂದು ಕೇಳುವವರಿಗೆ ಹೇಳಿ ಹೇಳಿ ನನ್ನ ನಾಲಿಗೆ ಬಿದ್ದುಹೋಗಿದೆ. ವಿಡಿಯೊದಲ್ಲಿ ಹಾಡುವವರು ಹಾಡುವುದಿಲ್ಲ ಸ್ವಾಮಿ. ಹಾಡು ಮೊದಲೇ ಸ್ಟುಡಿಯೊದಲ್ಲಿ ರೆಕಾರ್ಡ್ ಆಗಿರುತ್ತದೆ. ಸೆಟ್ಟಿನಲ್ಲಿ ನಾನು ಅದನ್ನು ಜೋರಾಗಿ ಹಾಕಬೇಕು, ಅವರು ಅದಕ್ಕೆ ತುಟಿ ಆಡಿಸಬೇಕು. ಕೂದಲು ನಿಧಾನವಾಗಿ ಹಾರಬೇಕು, ತುಟಿ ಮಾತ್ರ ಹಾಡಿಗೆ ಹೊಂದಬೇಕು ಎಂದರೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ ಚಿತ್ರ ತೆಗೆದು, ಆಮೇಲೆ ಚಿತ್ರವನ್ನು ನಿಧಾನ ಮಾಡುತ್ತಿದ್ದರು. ಆಗ ಎಂಥ ಗಂಭೀರ ಗಾಯಕನೂ ಕಡಲೆಕಾಯಿ ಸಿಕ್ಕ ಅಳಿಲಿನ ಹಾಗೆ ಬಾಯಿ ಆಡಿಸುವುದನ್ನು ನೋಡಬೇಕಿತ್ತು. ಡ್ರಮ್ಮಿನ ಸದ್ದು ನನ್ನ ಟೇಪನ್ನು ಮುಚ್ಚಿಬಿಡದಿರಲಿ ಎಂದು ಅದರ ಹೊಟ್ಟೆಗೆ ಸ್ಪಂಜು ತುರುಕಿ, ನೆತ್ತಿಗೂ ಅಂಟಿಸುತ್ತಿದ್ದೆವು. ಒಟ್ಟಿನಲ್ಲಿ ಸೆಟ್ಟಿನಲ್ಲಿ ನಿಜವಾಗಿ ಸದ್ದು ಮಾಡುತ್ತಿದ್ದವಳು ನಾನೊಬ್ಬಳೇ.

ಈ ಕಸುಬು ಹುಟ್ಟಿದ್ದೇ ಸೋಮಾರಿತನದಿಂದ ಎನ್ನುವುದು ನಮ್ಮವರ ವಾದ. ಹಾಡುಗಾರರು ಒಂದೊಂದು ಟಿ.ವಿ. ಸ್ಟುಡಿಯೊಗೂ ಹೋಗಿ ಅದದೇ ಹಾಡು ಹಾಡಿ ಸುಸ್ತಾದರಂತೆ. ನಾನು ಬರುವುದಿಲ್ಲ, ನನ್ನ ಚಿತ್ರ ಬರುತ್ತದೆ ಎಂದು ರೀಲು ಕಳಿಸಿದರಂತೆ. ರೀಲು ಹೋದ ಕಡೆಯಲ್ಲೆಲ್ಲ ಹಾಡುಗಾರರಿಗಿಂತ ಅದೇ ಚೆನ್ನಾಗಿ ಕಂಡಿತಂತೆ. ಆಮೇಲೆ ದಿನವಿಡೀ ಬರೀ ಹಾಡನ್ನೇ ಹಾಕುವ ಚಾನೆಲ್ಲು ಬಂತು. ಅದರ ಹೊಟ್ಟೆ ತುಂಬಿಸಲು ನಾವು ಬಿಡುವಿಲ್ಲದೆ ದುಡಿದೆವು. ಮೊದಮೊದಲು ಗಾಯಕ ಮೈಕಿನ ಮುಂದೆ ನಿಂತರೆ ಸಾಕಿತ್ತು. ಬರುಬರುತ್ತ ಹೊಗೆ ಬೇಕು, ಕುದುರೆ ಬೇಕು, ಒಡೆಯುವುದಕ್ಕೆ ಕನ್ನಡಿ ಬೇಕು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇಂಥದಕ್ಕೇ.

ಆ ಕಾಲದ್ದೇ ಒಂದು ವಿಡಿಯೊ. ಹಾಡು ಅಂಥ ಘನವಾದುದೇನಲ್ಲ, ಆದರೂ ಜನಕ್ಕೆ ಹಿಡಿಸಿತು. ಶೂಟಿಂಗ್ ದಿನ ಡ್ರಮ್ಮಿನವನಿಗೆ ಕೂರುವ ಜಾಗದಲ್ಲೇ ಕುರು ಎದ್ದಿತ್ತು. ಗಿಟಾರಾದರೆ ನಿಂತೇ ಬಾರಿಸಬಹುದು, ಡ್ರಮ್ಮಿಗೆ ಕೂರಲೇಬೇಕಲ್ಲ. ಅವನು ಗೋಡೆ ಹಿಡಿದುಕೊಂಡು ನಿಂತು ಕಣ್ಣಲ್ಲಿ ನೀರು ತಂದುಕೊಂಡ. ಅವನಿಗೆಂದು ಹೊಲಿಸಿದ್ದ ಬೆಳ್ಳಿ ಬಣ್ಣದ ಅಂಗಿ ಇಡೀ ಸೆಟ್ಟಿನಲ್ಲಿ ಸರಿಹೋದದ್ದು ನಮ್ಮವರೊಬ್ಬರಿಗೇ. ದೀಪ ಸರಿಮಾಡುತ್ತ ನಿಂತಿದ್ದವರನ್ನು ಎಳೆದುಕೊಂಡು ಹೋಗಿ, ಅಂಗಿ ತೊಡಿಸಿ, ಹಿಂಭಾಗದ ಎತ್ತರದ ಕಟ್ಟೆಯ ಮೇಲೆ ಡ್ರಮ್ಮಿನ ಮುಂದೆ ಕೂರಿಸಿದರು.

"ನಂಗೆ ತಾಳ ಅಂದ್ರೆ ಏನಂತಾನೇ ಗೊತ್ತಿಲ್ಲ ಕಣೇ," ಎಂದು ಅಲ್ಲಿಂದಲೇ ಕೂಗಿದರು.

"ನನ್ ಕೈ ನೋಡ್ತಾ ಇರಿ. ಕೈ ಕೆಳಗೆ ಬಂದಾಗ ಹೊಡೀರಿ. ಅದಕ್ಕೂ ಬರಲ್ವಾ ನಿಮ್ಗೆ?" ಎಂದೆ. ಸೆಟ್ಟಿನವರೆಲ್ಲ ನಕ್ಕರು.

ಕ್ಯಾಮೆರಾದ ಎಡಕ್ಕೆ ನನ್ನ ಟೇಪಿನ ಮೇಜು. ಒಂದು ಕೈ ಗುಂಡಿಯ ಮೇಲೆ ಇಟ್ಟು, ಇನ್ನೊಂದು ಕೈಯಲ್ಲಿ ಗಾಳಿಯಲ್ಲೇ ತಾಳ ತೋರಿಸಿದೆ. ಅವರು ನನ್ನಲ್ಲೇ ಕಣ್ಣು ನೆಟ್ಟು ಹೇಗೋ ಸಂಭಾಳಿಸಿದರು. ಎರಡನೇ ಚರಣದ ಕೊನೆಯಲ್ಲಿ ಎಲ್ಲ ವಾದ್ಯಗಳೂ ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕು. ಎಲ್ಲರೂ ನಿಂತರು, ನಮ್ಮವರು ಹೊಡೆದೇಬಿಟ್ಟರು. ಸ್ಪಂಜಿನ ದಯೆಯಿಂದ ಸದ್ದು ಬರಲಿಲ್ಲ. ತಪ್ಪಿತೆಂದು ಗೊತ್ತಾಗಿ, ಕೋಲು ಮೇಲೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ಕಣ್ಣು ಕೆಕ್ಕರಿಸಿದೆ. ಅವರು ನಕ್ಕರು. ಮನೆಯಲ್ಲಿ ನನ್ನ ಹತ್ತಿರ ಬೈಸಿಕೊಂಡಾಗ ನಗುತ್ತಿದ್ದರಲ್ಲ, ಅದೇ ನಗು. ಆ ಸಲ ಗಾಯಕ ಚೆನ್ನಾಗಿ ಕಂಡಿದ್ದನೆಂದು ನಿರ್ದೇಶಕ ಅದನ್ನೇ ಇಟ್ಟುಕೊಂಡ.

ಜೀವಮಾನವಿಡೀ ಬೇರೆಯವರ ಮುಖಕ್ಕೆ ಬೆಳಕು ಹಾಕಿದವರು ಅವರು. ಅವರದು ಎಂದು ಉಳಿದಿದ್ದು ಎರಡೇ ಫೋಟೊ. ಮದುವೆಯದರಲ್ಲಿ ಕಣ್ಣು ಮುಚ್ಚಿದ್ದಾರೆ, ಗುರುತಿನ ಚೀಟಿಯದರಲ್ಲಿ ಯಾರನ್ನೋ ಕೊಂದು ಬಂದವರ ಹಾಗಿದ್ದಾರೆ. ಅವರು ಅವರ ಹಾಗೇ ಇದ್ದದ್ದು ಆ ವಿಡಿಯೊದಲ್ಲಿ ಮಾತ್ರ.

ಅವರು ತೀರಿಕೊಂಡ ಮೇಲೂ ಬಹಳ ವರ್ಷ ಚಾನೆಲ್ಲಿನಲ್ಲಿ ಆ ಹಾಡು ಬರುತ್ತಿತ್ತು. ಇಂಥ ಹೊತ್ತಿಗೆ ಎಂದು ಹೇಳುವಂತಿರಲಿಲ್ಲ. ಎದ್ದಾಗ ಹಾಕಿದ ಟಿ.ವಿ. ಮಲಗುವತನಕ ಹಾಗೇ ಇರುತ್ತಿತ್ತು. ಸ್ನಾನ ಮಾಡುವಾಗಲೂ ಬಾಗಿಲು ಓರೆ ಮಾಡಿಕೊಂಡೇ ಮಾಡುತ್ತಿದ್ದೆ, ಮನೆಯಲ್ಲಿ ನೋಡುವವರು ಯಾರಿದ್ದಾರೆ? ಹಾಡಿನ ಮೊದಲ ಸಾಲು ಕೇಳಿದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿ ನೆಲಕ್ಕೆ ಸುರಿದರೂ ಸುರಿಯಲಿ ಎಂದು ಓಡಿ ಬಂದು ನಿಲ್ಲುತ್ತಿದ್ದೆ. ಆ ಸಣ್ಣ ತುಣುಕಿನಲ್ಲಿ ಅವರು ತಿರುಗಿ ನನ್ನನ್ನು ನೋಡುತ್ತಿದ್ದರು. ನೋಡುತ್ತಿದ್ದವರು ಸಾವಿರಾರು ಜನ ಇರಬಹುದು, ಅವರು ನೋಡುತ್ತಿದ್ದದ್ದು ಮಾತ್ರ ನನ್ನೊಬ್ಬಳನ್ನೇ. ಒಬ್ಬಳೇ ಇರುವ ಮನೆಯಲ್ಲಿ ಎಷ್ಟೋ ದಿನ ನಮ್ಮ ಮುಖದ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಇದ್ದೇನೋ ಇಲ್ಲವೋ ಎಂದು ನಮಗೇ ಅನುಮಾನ ಬರುತ್ತದೆ. ಆ ಹಾಡು ಬಂದ ದಿನ ನನಗೆ ಆ ಅನುಮಾನ ಇರುತ್ತಿರಲಿಲ್ಲ.

ಆಮೇಲೆ ಚಾನೆಲ್ಲಿನವರು ಹಾಡು ಬಿಟ್ಟು ಅಡುಗೆ ಹಿಡಿದರು, ಅಡುಗೆ ಬಿಟ್ಟು ಅತ್ತೆ ಸೊಸೆ ಜಗಳ ಹಿಡಿದರು. ನಾನು ಮನೆಯಲ್ಲೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದು, ಒಂದು ದಿನ ಯಂತ್ರ ಅದನ್ನು ಅಗಿದು ಉಗಿಯಿತು. ಆದರೇನು, ಈಗ ಎಲ್ಲ ಹಳೆಯ ಹಾಡುಗಳೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ ಎಂದು ಎಲ್ಲರೂ ಹೇಳಿದರು. ಹುಡುಕಿದೆ. ಸಿಕ್ಕಿತು. ಬಣ್ಣ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಎರಡನೇ ಚರಣದವರೆಗೆ ಕಾದೆ. ಬೆಳ್ಳಿ ಅಂಗಿ ಇತ್ತು. ಕೈ ಇತ್ತು, ಕೋಲು ಇತ್ತು. ಕುತ್ತಿಗೆಯಿಂದ ಮೇಲೆ ಏನೂ ಇರಲಿಲ್ಲ.

ಆಗಿದ್ದಿಷ್ಟು. ನಾವು ಚಿತ್ರ ತೆಗೆದ ಕಾಲದಲ್ಲಿ ಟಿ.ವಿ. ಹೆಚ್ಚುಕಡಿಮೆ ಚೌಕ. ಆಮೇಲೆ ಟಿ.ವಿ.ಗಳು ಅಗಲವಾದವು. ಚೌಕದ ಚಿತ್ರ ಹಾಕಿದರೆ ಆಚೆ ಈಚೆ ಕಪ್ಪು ಪಟ್ಟಿ ಬರುತ್ತದೆ, ಅದು ಜನಕ್ಕೆ ಹಿಡಿಸುವುದಿಲ್ಲವಂತೆ. ಅದಕ್ಕೆ ಚಿತ್ರವನ್ನು ಹಿಗ್ಗಿಸಿ, ಮೇಲಿಂದ ಒಂದಿಷ್ಟು ಕೆಳಗಿಂದ ಒಂದಿಷ್ಟು ಕತ್ತರಿಸಿ ಎಸೆದರು. ನೆಗಡಿ ಬಂತೆಂದು ಮೂಗು ಕೊಯ್ದರಂತೆ. ಗಾಯಕ ನಡುವೆ ನಿಂತಿದ್ದ, ಅವನಿಗೇನೂ ಆಗಲಿಲ್ಲ. ಎತ್ತರದ ಕಟ್ಟೆಯ ಮೇಲೆ ಕೂತವರ ತಲೆ ಹೋಯಿತು. ಆ ವಿಡಿಯೊ ಮಾಡಿಸಿದ್ದ ಕಂಪನಿಗೆ ಫೋನು ಮಾಡಿ ಮೂಲ ಟೇಪು ಎಲ್ಲಿ ಎಂದು ಕೇಳಿದೆ. ನೆಲಮಾಳಿಗೆಯಲ್ಲಿ ನೀರಿನ ಪೈಪು ಒಡೆದು ಹಳೆಯದೆಲ್ಲ ನೆಂದುಹೋಯಿತು, ಎಸೆದೆವು, ಅಗಲದ್ದು ಇದೆಯಲ್ಲ ಮೇಡಂ ಎಂದರು. ನಾನು ಬಾಯಿಗೆ ಬಂದದ್ದು ಅಂದು ಫೋನು ಇಟ್ಟೆ. ಅವತ್ತು ಊಟ ಮಾಡಲಿಲ್ಲ. ಮಾಡಿದೆಯಾ ಎಂದು ಕೇಳುವವರೂ ಇರಲಿಲ್ಲ.

ಹೀಗೇ ದಿನ ಹೋಗುತ್ತಿರುವಾಗ ಮೊನ್ನೆ ನಾದಿನಿ ಫೋನು ಮಾಡಿದಳು. ನಮ್ಮವರ ಒಬ್ಬಳೇ ತಂಗಿ. ದೂರದಲ್ಲಿದ್ದಾಳೆ, ಬೇಕಾದಾಗ ಮಾತಾಡುತ್ತಾಳೆ.

"ಅತ್ತಿಗೆ, ಅಣ್ಣ ಬಂದಿದ್ದಾನೆ," ಎಂದಳು. ಅಳುತ್ತಿದ್ದಳು.

"ಎಲ್ಲಿಗೆ ಬಂದ್ರೇ ನಿಮ್ಮಣ್ಣ? ತಲೆ ಕೆಟ್ಟಿದ್ಯಾ ನಿಂಗೆ?"

"ಫೋನಲ್ಲಿ ಅತ್ತಿಗೆ. ಆ ಡ್ರಮ್ಮಿನ ಹಾಡು. ಫೋನಿಗೆ ಅಂತ ಉದ್ದಕ್ಕೆ ಮಾಡಿದ್ದಾರೆ. ತಲೆ ಎಲ್ಲಾ ಕಾಣ್ಸುತ್ತೆ. ಕಳ್ಸಿದೀನಿ, ನೋಡು."

ಕನ್ನಡಕ ಹುಡುಕಿ ಹಾಕಿಕೊಂಡೆ. ಮೊದಲು ಚೌಕ, ಆಮೇಲೆ ಅಗಲ, ಈಗ ಉದ್ದ. ಉದ್ದವಾದರೆ ಮೇಲಿನದು ವಾಪಸು ಬರಬೇಕಲ್ಲವೇ? ಆ ಟೇಪು ಎಲ್ಲಾದರೂ ಸಿಕ್ಕಿರಬೇಕು ಎಂದುಕೊಂಡೆ. ಹಾಡು ಹಾಕಿದೆ. ಗಾಯಕ ಬಂದ. ಅವನ ಹಿಂದೆ, ಮೇಲೆ, ಬೆಳ್ಳಿ ಅಂಗಿ. ಅಂಗಿಯ ಮೇಲೆ ತಲೆ.

ಚೆಂದದ ತಲೆ. ದಟ್ಟ ಕೂದಲು, ಕೆತ್ತಿದಂಥ ದವಡೆ. ತಾಳಕ್ಕೆ ಸರಿಯಾಗಿ ಹದವಾಗಿ ಆಡುತ್ತಿತ್ತು. ನಮ್ಮವರಿಗೆ ಆ ಹೊತ್ತಿಗೇ ಮುಂದಲೆ ಬೋಳಾಗಿತ್ತು. ಯಾರೋ ಪರಗಂಡಸು ನಮ್ಮವರ ಕೈಗಳಿಂದ ಡ್ರಮ್ಮು ಬಾರಿಸುತ್ತಿದ್ದ. ಎರಡನೇ ಚರಣದ ಕೊನೆಗೆ ಕೋಲು ಮೇಲಕ್ಕೆ ನಿಂತಿತು, ಆ ಮುಖ ಯಾರ ಕಡೆಗೂ ತಿರುಗಲಿಲ್ಲ.

ನಾದಿನಿಗೆ ಫೋನು ಮಾಡಿ, "ಇದು ನಿಮ್ಮಣ್ಣನೇನೇ?" ಎಂದೆ.

"ಅಲ್ವಾ? ಚಿಕ್ಕ ವಯಸ್ಸಲ್ಲಿ ಹೀಗೇ ಇದ್ನಲ್ಲ," ಎಂದಳು. ಸ್ವಲ್ಪ ತಡೆದು, "ನಂಗೂ ಸರಿಯಾಗಿ ನೆನಪಿಲ್ಲ ಅತ್ತಿಗೆ," ಎಂದಳು.

ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಒಡಹುಟ್ಟಿದವಳೇ ಈ ತಲೆಯನ್ನು ನೋಡಿ ಅತ್ತಿದ್ದಾಳೆ. ಇನ್ನು ಸ್ವಲ್ಪ ದಿನಕ್ಕೆ ಅವರ ಮುಖ ಹೀಗಿತ್ತು ಎಂದು ಗೊತ್ತಿರುವವಳು ನಾನೊಬ್ಬಳೇ ಉಳಿಯುತ್ತೇನೆ. ನನಗೂ ದಿನಾ ಈ ಚೆಲುವನನ್ನು ನೋಡಿ ನೋಡಿ ಮರೆತುಹೋದರೆ ಗತಿಯೇನು? ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೆ ಕೋಪ ಬರುತ್ತದೆ. ಎರಡು ಫೋಟೊ ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಗ್ಗೆ ಕಂಪನಿಗೆ ಹೊರಟೆ.

ಮೂರನೇ ಮಹಡಿ. ಕಿಟಕಿಗೆ ಪರದೆ ಎಳೆದ ತಣ್ಣನೆಯ ಕೋಣೆ. ಒಂದು ಹುಡುಗಿ ಎ.ಸಿ. ಚಳಿಗೆ ಶಾಲು ಹೊದ್ದುಕೊಂಡು ದೊಡ್ಡ ಕಂಪ್ಯೂಟರಿನ ಮುಂದೆ ಕೂತಿದ್ದಳು. ಉದ್ದ ಮಾಡುವ ಕೆಲಸ ಅವಳದೇ ಎಂದು ಹೊರಗೆ ಕೂತಿದ್ದವನು ಹೇಳಿದ್ದ. ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ನನ್ನ ಫೋನನ್ನು ಅವಳ ಮುಖಕ್ಕೆ ಹಿಡಿದೆ.

"ಈ ತಲೆ ಯಾರದು?"

ಅವಳು ಹೆಡ್‌ಫೋನು ಸರಿಸಿ ನೋಡಿದಳು. "ಯಾರದೂ ಅಲ್ಲ ಆಂಟಿ."

"ಆಂಟಿ ಗೀಂಟಿ ಬೇಡ, ಟೇಪಕ್ಕ ಅನ್ನು. ತಲೆ ಅಂದ್ಮೇಲೆ ಯಾರದಾದ್ರೂ ಆಗಿರ್ಲೇಬೇಕಲ್ಲ?"

"ಇಲ್ಲ ಅಕ್ಕ. ಫೋನಿಗೆ ಉದ್ದ ಬೇಕು, ನಮ್ಹತ್ರ ಇದ್ದಿದ್ದು ಅಗಲದ್ದು. ಎರಡೂ ಪಕ್ಕ ಕತ್ತರಿಸ್ತೀವಿ, ಮೇಲೆ ಕೆಳಗೆ ಖಾಲಿ ಉಳಿಯುತ್ತೆ. ಅದನ್ನ ಕಂಪ್ಯೂಟರ್ರೇ ತುಂಬುತ್ತೆ. ಕುತ್ತಿಗೆ ಕಂಡ್ರೆ ಮೇಲೊಂದು ತಲೆ ಇರುತ್ತೆ ಅಂತ ಅದಕ್ಕೆ ಗೊತ್ತು. ಯಾರ ತಲೆ ಅಂತ ಗೊತ್ತಿರಲ್ಲ." ಅವಳು ನಕ್ಕಳು. "ಹಿಂದೆ ಡ್ರಮ್ ಬಾರಿಸೋರ ಮುಖ ಯಾರ್ ನೋಡ್ತಾರೆ ಅಂತ ನಾನೂ ಹಾಗೇ ಬಿಟ್ಟೆ."

"ಆ ಕೈ ನಮ್ಮನೆಯವರದು," ಎಂದೆ.

ದಾರಿಯುದ್ದಕ್ಕೂ ಜಗಳ ಕಾಯಲು ಮಾತು ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಬಿಟ್ಟು ಫೋನನ್ನು ಸೆರಗಿನಿಂದ ಒರೆಸುತ್ತ ನಿಂತೆ. ಹುಡುಗಿ ನಾಲಿಗೆ ಕಚ್ಚಿಕೊಂಡಳು. ಕುರ್ಚಿ ಎಳೆದು ಕೂರಿಸಿ, ತನ್ನ ಬಾಟಲಿಯ ನೀರು ಕೊಟ್ಟಳು. ನಾನು ಶೂಟಿಂಗಿನ ಕಥೆ ಹೇಳಿದೆ. ಕುರುವಿನ ವಿಷಯಕ್ಕೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಹಳ ದಿನದ ಮೇಲೆ ನನ್ನ ಮಾತಿಗೆ ಒಬ್ಬರು ನಕ್ಕದ್ದು ನನಗೆ ಹಿತವಾಯಿತು.

"ಫೋಟೊ ಇದ್ರೆ ಕೊಡಿ, ಅವರ ಮುಖಾನೇ ಹಾಕ್ತೀನಿ," ಎಂದಳು. "ಮೇಲಿನವರಿಗೆ ನಾನ್ ಹೇಳ್ಕೋತೀನಿ. ಹಳೇದನ್ನ ತೆಗೆದು ಇದನ್ನೇ ಹಾಕೋಣ."

ಫೋಟೊ ಕೊಟ್ಟೆ. ಅವಳು ಏನೇನೋ ಒತ್ತಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬೆಳ್ಳಿ ಅಂಗಿಯ ಮೇಲೆ ನಮ್ಮವರ ತಲೆ ಬಂತು. ಬೋಳು ಮುಂದಲೆ, ದಪ್ಪ ಮೂಗು, ಸಣ್ಣ ಕಿವಿ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವರೇ. ಆದರೆ ಹಾಡಿನುದ್ದಕ್ಕೂ ನೇರ ನೋಡಿಕೊಂಡೇ ಕೂತಿದ್ದರು. ಗುರುತಿನ ಚೀಟಿ ಡ್ರಮ್ಮು ಬಾರಿಸಿದ ಹಾಗಿತ್ತು.

"ಹೀಗಲ್ಲಮ್ಮ, ಇಲ್ಲಿ ಅವರು ಈ ಕಡೆ ತಿರುಗ್ತಾರೆ," ಎಂದು ಪರದೆಯ ಪಕ್ಕಕ್ಕೆ ಬೆರಳು ತೋರಿಸಿದೆ. "ತಿರುಗಿ ನಗ್ತಾರೆ."

"ಯಾಕೆ? ಆ ಕಡೆ ಏನಿತ್ತು?"

"ನಾನಿದ್ದೆ."

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ, "ಆ ನೋಟ ಹೇಗಿತ್ತು ಅಂತ ಯಾರಾದ್ರೂ ಮಾಡಿ ತೋರಿಸ್ಬೇಕು ಟೇಪಕ್ಕ," ಎಂದಳು. "ಮಾಡೋರ ಮುಖ ಕ್ಯಾಮೆರಾದಲ್ಲಿ ಹಿಡಿದ್ರೆ, ಕಣ್ಣು ತುಟಿ ಹೇಗ್ ಹೋಯ್ತೋ ಹಾಗೇ ಅವರ ಮುಖಾನೂ ಹೋಗುತ್ತೆ. ನಾನು ಅವರನ್ನ ನೋಡಿಲ್ಲ. ನೀವೇ ಮಾಡ್ಬೇಕು."

ನನಗೆ ನಗು ಬಂತು. ಬದುಕಿಡೀ ಕ್ಯಾಮೆರಾದ ಆಚೆ ಬದಿಗೆ ಕಾಲಿಟ್ಟವಳಲ್ಲ, ಈ ವಯಸ್ಸಿನಲ್ಲಿ ನಟನೆ. ಆದರೂ ಎದ್ದೆ. ಕಿಟಕಿಯ ಹತ್ತಿರ ಒಂದು ಸ್ಟೂಲು ಹಾಕಿ, ಎದುರಿಗೆ ಕೈ ಅಗಲದ ಕ್ಯಾಮೆರಾ ಇಟ್ಟಳು. ನಾನು ಎಲ್ಲಿ ನಿಂತಿದ್ದೆ ಎಂದು ಕೇಳಿ, ಕ್ಯಾಮೆರಾದ ಪಕ್ಕದ ಖಾಲಿ ಗೋಡೆಯ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದಳು.

"ನಾನ್ ಬೇಕಾದ್ರೆ ಅಲ್ಲಿ ನಿಲ್ಲಲಾ?" ಎಂದಳು.

"ಬೇಡ, ನೀನು ನಿಂತ್ರೆ ನಂಗೆ ನೀನೇ ಕಾಣ್ತೀಯ."

ಹಾಡು ಹಾಕಿದಳು. ನನ್ನ ಕೈಯಲ್ಲಿ ಎರಡು ಪೆನ್ನು ಕೊಟ್ಟಿದ್ದಳು, ಕೋಲಿನ ಬದಲಿಗೆ. ಮೊದಲನೇ ಸಲ ನಗು ಬೇಗ ಬಂತು. ಎರಡನೇ ಸಲ ಪೆನ್ನು ಬಿತ್ತು. ಮತ್ತೊಂದು ಸಲ ಹಾಕಲು ಹೇಳಿ ಕಣ್ಣು ಮುಚ್ಚಿ ಅವರನ್ನು ನೆನೆಸಿಕೊಂಡೆ. ಅವರಿಗೆ ಹೇಗೆ ಆಗಿದ್ದಿರಬೇಕು? ತಪ್ಪು ಹೊಡೆದಾಗಿದೆ, ಹೆಂಡತಿ ಕೆಕ್ಕರಿಸುತ್ತಿದ್ದಾಳೆ, ಈಗ ಮನೆಗೆ ಹೋದರೆ ಇದೆ ಹಬ್ಬ. ನಿಲುಗಡೆ ಬಂತು. ಪೆನ್ನು ಮೇಲೆತ್ತಿ ಕೆಂಪು ಚೀಟಿಯ ಕಡೆ ತಿರುಗಿದೆ. ಅಲ್ಲಿ ನಾನಿದ್ದೇನೆ ಎಂದುಕೊಂಡೆ. ಮೇಜು, ಟೇಪು, ಗಾಳಿಯಲ್ಲಿ ಕೈ, ಮುಖದ ತುಂಬ ಕೋಪ. ಆ ಟೇಪಕ್ಕನನ್ನು ನೋಡಿ ಅವರ ಹಾಗೇ ನಕ್ಕೆ.

"ಇದು ಸರಿ," ಎಂದೆ. ನನಗೆ ಖಾತ್ರಿಯಿತ್ತು. ಅಷ್ಟು ವರ್ಷ ನೋಡಿದ ನೋಟ, ತಪ್ಪುವುದು ಹೇಗೆ?

ಹುಡುಗಿ ಅದನ್ನು ಅವರ ಮುಖಕ್ಕೆ ಸೇರಿಸುವವರೆಗೆ ನಾನು ಕಿಟಕಿಯ ಹತ್ತಿರವೇ ನಿಂತೆ. ಮದುವೆಯ ದಿನವೂ ಇಷ್ಟು ಹೆದರಿರಲಿಲ್ಲ. ಕರೆದಳು, ಬಂದು ಕೂತೆ. ಮೊದಲ ಚರಣ ಹೋಯಿತು. ಎರಡನೆಯದು ಮುಗಿಯುತ್ತ ಬಂತು. ಕೋಲು ಮೇಲೆ ನಿಂತಿತು, ನಮ್ಮವರು ತಿರುಗಿದರು. ಸರಿಯಾದ ಹೊತ್ತಿಗೆ, ಸರಿಯಾದ ಕಡೆಗೆ. ತುಟಿ ನಕ್ಕವು. ಕಣ್ಣು ನಗಲಿಲ್ಲ. ಕಣ್ಣು ಆ ಕಡೆ ಹೋಗಿ ಹುಡುಕಿದವು. ಅಲ್ಲಿ ಯಾರೂ ಇಲ್ಲವೆಂದು ಗೊತ್ತಾಯಿತು ಅವಕ್ಕೆ. ಗೊತ್ತಾದ ಮೇಲೂ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದವು.

"ಎಷ್ಟ್ ಚೆನ್ನಾಗ್ ಬಂತು ನೋಡಿ," ಎಂದಳು ಹುಡುಗಿ. ಅವಳ ದನಿಯೂ ಒದ್ದೆಯಾಗಿತ್ತು. "ನೋಡ್ದೋರಿಗೆ ಕರುಳು ಕಿತ್ತು ಬರುತ್ತೆ. ಇದನ್ನೇ ಹಾಕ್ಬಿಡ್ಲಾ?"

"ಬೇಡಮ್ಮ. ಅಳಿಸ್ಬಿಡು. ಆ ಚೆಂದದ ಹುಡುಗನ ತಲೆನೇ ಇರ್ಲಿ."

ಅವಳು ನನ್ನ ಮುಖವನ್ನೂ ಪರದೆಯನ್ನೂ ನೋಡಿದಳು. ಇನ್ನೊಂದು ಸಲ ಕೇಳಿ, ನಾನು ತಲೆ ಆಡಿಸಿದ ಮೇಲೆ ಅಳಿಸಿದಳು. ಫೋಟೊಗಳನ್ನು ಒರೆಸಿ ನನ್ನ ಕೈಗೆ ಕೊಟ್ಟಳು.

"ಯಾಕ್ ಟೇಪಕ್ಕ? ಮುಖ ಅವರದೇ ಆಗಿತ್ತಲ್ಲ."

"ಮುಖ ಅವರದೇ," ಎಂದೆ. "ಆದ್ರೆ ಅವರು ನನ್ನ ಒಂದಿನಾನೂ ಹೀಗೆ ನೋಡ್ಲಿಲ್ಲ. ಹೀಗೆ ನೋಡೋ ಗತಿ ಅವರಿಗೆ ಬರ್ಲೇ ಇಲ್ಲ. ನಾನು ಎದುರಿಗೇ ಇರ್ತಿದ್ನಲ್ಲ."